ಹಸಿ ಗಾರೆ ಕಾಯುವುದಿಲ್ಲ

(ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



"ಡಿಸೈನರ್ ಆಗಿ ಇಷ್ಟು ವರ್ಷ ಚಿತ್ರವನ್ನೇ ಬರೆದಿದ್ದೀರಲ್ಲ, ಈಗ ಹೊಸದಾಗಿ ಶುರು ಮಾಡಿದೆ ಅಂತೀರಲ್ಲ, ಏನು ವ್ಯತ್ಯಾಸ?" ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಅದಕ್ಕೆ ಉತ್ತರವನ್ನೇ ಇವತ್ತಿನ ಮಾತಾಗಿಸಿಕೊಂಡಿದ್ದೇನೆ.

ಇಪ್ಪತ್ತನಾಲ್ಕು ವರ್ಷ ನಾನು ಮಾಡಿದ್ದು ಸ್ವೀಟ್ ಬಾಕ್ಸು, ಸೀರೆಯ ಡಬ್ಬ, ಉಪ್ಪಿನಕಾಯಿ ಬಾಟಲಿಯ ಲೇಬಲ್ಲು, ಮದುವೆಯ ಕಾಗದ. ಮಾಧವರಂನ ನಮ್ಮ ಮನೆಯ ಹಾಲ್‌ನ ಮೂಲೆಯಲ್ಲಿ ಒಂದು ಕಂಪ್ಯೂಟರ್, ಅದೇ ನನ್ನ ಆಫೀಸು. "ಹಳದಿ ಇನ್ನೂ ಸ್ವಲ್ಪ ಇರಲಿ ಮೇಡಂ" ಅಂದರೆ ಹಳದಿ ಜಾಸ್ತಿ. ಆ ಕೆಲಸವನ್ನು ನಾನು ಹೀಗಳೆಯುವುದಿಲ್ಲ. ಮಕ್ಕಳ ಫೀಸು ಕಟ್ಟಿದ್ದು ಅದೇ. ಅದರಲ್ಲಿ ಒಂದು ಸುಖವೂ ಇತ್ತು: ತಪ್ಪಾದರೆ ಒಂದು ಗುಂಡಿ ಒತ್ತಿದರೆ ಸಾಕು, ಅಳಿಸಿಹೋಗುತ್ತಿತ್ತು.

ಆರು ವರ್ಷಗಳ ಹಿಂದೆ ಮಂಗಳೂರಿನಲ್ಲಿ ಅಮ್ಮ ತೀರಿಕೊಂಡಳು. ಕಾರ್ಯದ ಹೊತ್ತಿಗೆ ಅಮ್ಮನ ಚಿತ್ರವನ್ನು ನೀನೇ ಬರೆದುಕೊಡು ಎಂದ ಅಣ್ಣ. ಮೂರು ರಾತ್ರಿ ಬಿಳಿ ಹಾಳೆಯ ಮುಂದೆ ಕುಳಿತೆ. ಒಂದು ಗೆರೆಯೂ ಬರಲಿಲ್ಲ. ಕೊನೆಗೆ ಫೋಟೋವನ್ನೇ ದೊಡ್ಡದು ಮಾಡಿಸಿ ಕೊಟ್ಟೆ. ಗಿರಾಕಿ ಹೇಳದೆ ನನ್ನ ಕೈ ಏಳುವುದೇ ಇಲ್ಲ ಎಂದು ಗೊತ್ತಾದದ್ದು ಆಗ.

ಚೆನ್ನೈಗೆ ಮರಳಿದ ಮೇಲೆ ಒಂದು ಮಧ್ಯಾಹ್ನ, ಬಿಸಿಲು ತಾಳಲಾರದೆ ಪೆರಂಬೂರಿನ ಲೂರ್ದು ಮಾತೆಯ ಚರ್ಚಿನೊಳಗೆ ಹೋಗಿ ಕುಳಿತೆ. ನಾವು ಕ್ರಿಶ್ಚಿಯನ್ನರಲ್ಲ. ಆದರೂ ಆ ತಂಪು, ಮೇಣದ ವಾಸನೆ, ಸದ್ದಿಲ್ಲದೆ ಕುಳಿತ ನಾಲ್ಕೈದು ಹೆಂಗಸರು, ಯಾವುದೂ ಪರಕೀಯ ಅನ್ನಿಸಲಿಲ್ಲ. ತಲೆ ಎತ್ತಿ ಮೇಲೆ ನೋಡಿದೆ. ಥಟ್ಟನೆ ಅಮ್ಮನ ದನಿ ಕೇಳಿದಂತಾಯಿತು.

ನನಗೆ ಎಂಟೊಂಬತ್ತು ವರ್ಷವಿದ್ದಾಗ ಅಮ್ಮ ನನ್ನನ್ನು ಬಾವುಟಗುಡ್ಡೆಯ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ಗೆ ಕರೆದುಕೊಂಡು ಹೋಗಿದ್ದಳು. ಗೋಡೆ, ಕಮಾನು, ಮಾಳಿಗೆ ಎಲ್ಲೆಲ್ಲೂ ಚಿತ್ರ. ಕುತ್ತಿಗೆ ನೋಯುತ್ತದೆ ಎಂದೆ. "ಮೇಲೆ ನೋಡು ಮಾರಾಯ್ತಿ, ನೋವಾದ್ರೆ ಮನೆಗೆ ಹೋಗಿ ಎಣ್ಣೆ ಹಚ್ಚುವ" ಅಂದಿದ್ದಳು.

ಆ ರಾತ್ರಿಯಿಂದಲೇ ಆ ಚಿತ್ರಗಳ ಬಗ್ಗೆ ಓದತೊಡಗಿದೆ. ಬರೆದವರು ಇಟಲಿಯ ಆಂಟೋನಿಯೋ ಮೊಸ್ಕೇನಿ, ಯೇಸುಸಭೆಯ ಒಬ್ಬ ಬ್ರದರ್. ಹುಟ್ಟಿದ್ದು 1854ರಲ್ಲಿ. 1899ರಿಂದ 1901ರವರೆಗೆ ಮಂಗಳೂರಿನ ಸೆಕೆ, ಮಳೆಯಲ್ಲಿ ಈ ಕೆಲಸ ಮಾಡಿದರು. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. 1990ರ ದಶಕದ ಆರಂಭದಲ್ಲಿ ಇಂಟ್ಯಾಕ್‌ನ ತಜ್ಞರು ಆ ಚಿತ್ರಗಳನ್ನು ದುರಸ್ತಿ ಮಾಡಿದ್ದರಿಂದ ಅವು ಇಂದಿಗೂ ನಮಗಿವೆ. ಕೆಲವು ಕ್ಯಾನ್‌ವಾಸಿನ ಮೇಲಿನ ತೈಲಚಿತ್ರ, ಉಳಿದವು ಫ್ರೆಸ್ಕೋ.

ಫ್ರೆಸ್ಕೋ ಅಂದರೆ ಹಸಿ ಸುಣ್ಣದ ಗಾರೆಯ ಮೇಲೆ ನೀರಿನಲ್ಲಿ ಕಲಸಿದ ಬಣ್ಣ. ಗಾರೆ ಒಣಗುತ್ತಾ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣಕಲ್ಲೇ ಆಗುತ್ತದೆ, ಬಣ್ಣ ಅದರೊಳಗೆ ಸೇರಿಹೋಗುತ್ತದೆ. ಆದ್ದರಿಂದ ಒಂದು ದಿನಕ್ಕೆ ಮುಗಿಸಬಹುದಾದಷ್ಟೇ ಜಾಗಕ್ಕೆ ಗಾರೆ ಮೆತ್ತುತ್ತಾರೆ. ಒಣಗಿದ ಮೇಲೆ ತಿದ್ದಬೇಕಾದರೆ ಕೆತ್ತಿ ತೆಗೆದು ಹೊಸದಾಗಿ ಮೆತ್ತಬೇಕು. ಅಳಿಸುವ ಗುಂಡಿ ಇಲ್ಲ! ನನಗೆ ಬೇಕಾದದ್ದು ಇದೇ ಅನ್ನಿಸಿತು. ಕೆಲಸ ಮುಂದೂಡಲು ನನಗೆ ನೂರು ನೆಪ ಸಿಗುತ್ತದೆ, ಹಸಿ ಗಾರೆ ಮಾತ್ರ ಕಾಯುವುದಿಲ್ಲ.

ತಾರಸಿಗೆ ಹಾಸುವ ಚಪ್ಪಟೆ ಹಂಚು ತಂದೆ. ಸುಣ್ಣ ನೆನೆಸಿದೆ, ಮರಳು ಜರಡಿ ಹಿಡಿದೆ. ಮನೆಯವರು, "ಗೃಹಪ್ರವೇಶ ಯಾವಾಗ?" ಎಂದು ನಕ್ಕರು. ಮೊದಲ ಹಂಚು ಬಿರುಕುಬಿಟ್ಟಿತು. ಎರಡನೆಯದರಲ್ಲಿ ಬಣ್ಣ ಒಣಗಿ ತೀರಾ ತಿಳಿಯಾಯಿತು. ಮಾಧವರಂನ ಬಿಸಿಲಿಗೆ ಗಾರೆ ಬೇಗ ಒಣಗುತ್ತದೆ, ಹಾಗಾಗಿ ಬೆಳಗಿನ ಐದು ಗಂಟೆಗೇ ಕೂರಲು ಕಲಿತೆ. ಹಾಲಿನವನು ಬರುವಷ್ಟರಲ್ಲಿ ಗೆರೆಗಳು ಮುಗಿದಿರಬೇಕು.

ವಯಸ್ಸಾಯಿತಲ್ಲ ಎನ್ನುವ ಅಳುಕು ಇರಲಿಲ್ಲವೆಂದಲ್ಲ. ಆಗ ಫ್ರಾನ್ಸಿನ ಆನ್ರಿ ಮಾತೀಸ್‌ನನ್ನು ನೆನೆಯುತ್ತಿದ್ದೆ. ವಾನ್ಸ್ ಎಂಬ ಊರಿನ ಚಾಪೆಲ್‌ನ ಕೆಲಸವನ್ನು 1948ರಲ್ಲಿ ಕೈಗೆತ್ತಿಕೊಂಡಾಗ ಆತನಿಗೆ ಎಂಬತ್ತು ಹತ್ತಿರವಾಗಿತ್ತು. ಕಾಯಿಲೆಯ ದೇಹ. ಕತ್ತರಿಯಲ್ಲಿ ಬಣ್ಣದ ಕಾಗದ ಕತ್ತರಿಸಿ ಹಳದಿ, ಹಸಿರು, ನೀಲಿ ಗಾಜಿನ ಕಿಟಕಿಗಳ ಮಾದರಿ ಮಾಡಿದ. ಆತನ ಮುಂದೆ ನಾನು ಇನ್ನೂ ಚಿಕ್ಕವಳು.

ಏಳನೆಯ ಹಂಚಿನಲ್ಲಿ ಅಮ್ಮ ಬಂದಳು. ಹತ್ತಿ ಸೀರೆ ಉಟ್ಟು, ತಲೆ ಎತ್ತಿ ಮೇಲೆ ನೋಡುತ್ತಿರುವ ಅಮ್ಮ. ಚಾಪೆಲ್‌ನ ಸಂತರಿಗಿರುವಂತೆ ತಲೆಯ ಹಿಂದೆ ಪ್ರಭೆ ಬರೆಯಲೇ ಎಂದು ಕುಂಚ ಹಿಡಿದು ಯೋಚಿಸಿದೆ. ಬೇಡ ಅನ್ನಿಸಿತು. ಅದು ಅವರ ನಂಬಿಕೆಯ ಗುರುತು, ನಾನು ಸುಮ್ಮನೆ ಎತ್ತಿಕೊಳ್ಳುವಂಥದ್ದಲ್ಲ. ಅಮ್ಮನೂ ಸಂತಳಲ್ಲ, ಚೆನ್ನಾಗಿ ಬೈಯುತ್ತಿದ್ದಳು. ಕಮಾನಿನಿಂದ ಬರುವ ಬೆಳಕನ್ನಷ್ಟೇ ಕೆನ್ನೆಯ ಮೇಲೆ ಇಟ್ಟೆ. ಆ ಚರ್ಚುಗಳಿಂದ ನಾನು ತೆಗೆದುಕೊಂಡದ್ದು ಅದೊಂದನ್ನೇ.

ಅಣ್ಣನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. "ಮೂಗು ಸ್ವಲ್ಪ ವಾರೆ ಆಗಿದೆ ಅಲ್ವಾ?" ಅಂದ. ಹೌದು, ಆಗಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರೆ ನೋಡುವುದು ಮಾತ್ರ ಅಮ್ಮನ ಹಾಗೆಯೇ" ಎಂದ. ಆ ಮೂಗನ್ನು ನಾನು ತಿದ್ದಿಲ್ಲ.

ನೀವು ಕೇಳಿದ ವ್ಯತ್ಯಾಸ ಇಷ್ಟೇ: ಡಬ್ಬಗಳ ಮೇಲಿನ ಹಳದಿ ಗಿರಾಕಿಯದು, ಈ ವಾರೆ ಮೂಗು ನನ್ನದು.

ಲೇಬಲ್ ಕೆಲಸ ಈಗಲೂ ಬಿಟ್ಟಿಲ್ಲ, ವಾರಕ್ಕೆ ಮೂರು ದಿನ ಮಾಡುತ್ತೇನೆ. ಉಳಿದ ದಿನ ಗಾರೆಯದು. ನಿಮ್ಮಲ್ಲಿ ಯಾರಿಗಾದರೂ ಬಹುಕಾಲದಿಂದ ಕೈ ತಡೆದಿದ್ದರೆ ಒಂದು ಭಾನುವಾರ ಬೆಳಿಗ್ಗೆ ಐದಕ್ಕೆ ನಮ್ಮ ತಾರಸಿಗೆ ಬನ್ನಿ. ಹಸಿ ಸುಣ್ಣ ಚರ್ಮ ಸುಡುತ್ತದೆ, ಕೈಗವಸು ನಾನೇ ಕೊಡುತ್ತೇನೆ. ಕಾಫಿಯೂ ಇರುತ್ತದೆ.