ನೋಯದ ಮಚ್ಚೆ
(ಮಹಿಳಾ ಮಂಡಲದ ಸಭೆಯಲ್ಲಿ ಮಾಡಿದ ಭಾಷಣ)



ಬೆರಳ ಸಂದಿಯಲ್ಲಿ ಗುಳ್ಳೆಯೆದ್ದು ಮಗು ರಾತ್ರಿಯೆಲ್ಲ ಕೆರೆದುಕೊಂಡರೆ ಅದು ಕಜ್ಜಿಯೆಂದು ನೀವೇ ಹೇಳುತ್ತೀರಿ. ಅಂಚು ಉಬ್ಬಿ ಉಂಗುರದಂತೆ ಹಬ್ಬುತ್ತ ತುರಿಸುವುದು ಹುಳುಕಡ್ಡಿ. ಎದೆ ಬೆನ್ನಿನ ಮೇಲೆ ಕೆರೆದರೆ ತೌಡಿನಂತೆ ಉದುರುವುದು ಚಿಬ್ಬು. ಹಾಲಿನಂತೆ ಬೆಳ್ಳಗಾದದ್ದು ತೊನ್ನು. ಅದು ಅಂಟುಜಾಡ್ಯವಲ್ಲ, ಕುಷ್ಠವೂ ಅಲ್ಲ. ಅದರ ಹೆಸರಿನಲ್ಲಿ ಎಷ್ಟು ಮದುವೆ ಮುರಿದಿದ್ದೇವೆ!

ನಾನು ಹೇಳಲು ಬಂದದ್ದು ಇನ್ನೊಂದು ಮಚ್ಚೆಯ ಮಾತು. ಮಾಸಲು ಬಿಳುಪು, ಇಲ್ಲವೆ ತುಸು ಕೆಂಪು. ತುರಿಸದು, ನೋಯದು, ಆದ್ದರಿಂದಲೇ ಯಾರೂ ಲಕ್ಷ್ಯ ಕೊಡುವುದಿಲ್ಲ. ಮಚ್ಚೆಯಿದ್ದವರು ಕಣ್ಣು ಮುಚ್ಚಿಕೊಳ್ಳಲಿ. ಹತ್ತಿಯ ಎಳೆಯಿಂದ ಮೊದಲು ಒಳ್ಳೆಯ ಚರ್ಮವನ್ನು, ಬಳಿಕ ಮಚ್ಚೆಯನ್ನು ಮುಟ್ಟಿರಿ. ಮುಟ್ಟಿದಲ್ಲಿ ಅವರು ಬೆರಳಿಟ್ಟು ತೋರಿಸಬೇಕು. ಮಚ್ಚೆಯ ಮೇಲೆ ತಿಳಿಯದೆ ಹೋದರೆ ಕುಷ್ಠವಿರಬಹುದು. ಸೂಜಿ ಚುಚ್ಚಿ ನೋಡುವುದು ಬೇಡ. ಮುಖದ ಮಚ್ಚೆಯಲ್ಲಿ ಸ್ಪರ್ಶ ಉಳಿದಿರುವುದೂ ಉಂಟು; ಅದನ್ನೂ ತೋರಿಸಿರಿ.

ಗುಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಮಚ್ಚೆ 5ರೊಳಗಿದ್ದರೆ ಸಾಮಾನ್ಯವಾಗಿ 6 ತಿಂಗಳು, ಹೆಚ್ಚಿದ್ದರೆ 12 ತಿಂಗಳು ನುಂಗಬೇಕು. ರೋಗ ವಾಸಿಯಾಗುತ್ತದೆ. ತಡಮಾಡಿ ನರ ಕೆಟ್ಟು ಬೆರಳು ಮಡಚಿಕೊಂಡರೆ ಮಾತ್ರ ಗುಳಿಗೆ ಅದನ್ನು ನೆಟ್ಟಗೆ ಮಾಡಲಾರದು.

ಹೋಗುವ ಮೊದಲು ಮಚ್ಚೆಗಳನ್ನು ಎಣಿಸಿಕೊಳ್ಳಿರಿ. ಬೆನ್ನಿನದು ತಮಗೆ ಕಾಣದು. ಮನೆಯವರು ನೋಡಿ ಹೇಳಬೇಕು.