ಉದ್ಯಾನ ಉಪನಗರ: ತಂದದ್ದೇನು, ಬಿಟ್ಟದ್ದೇನು?

(ಮಲೆನಾಡಿನ ವಿದ್ಯಾರ್ಥಿಗಳ ಪರಿಸರ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಂಗಳೂರಿನ ಬಡಾವಣೆಯ ಕಥೆಯನ್ನು ಘಟ್ಟದ ಊರಿನವರಿಗೆ ಏಕೆ ಹೇಳಬೇಕೆಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಎರಡು ಸಂಗತಿಗಳನ್ನು ಜೊತೆಗಿಟ್ಟು ನೋಡೋಣ. 1948ರಲ್ಲಿ ಜೋಗದ ವಿದ್ಯುದಾಗಾರ ಕೆಲಸ ಆರಂಭಿಸಿತು. ಅದಕ್ಕೆ ನೀರು ಒದಗಿಸಲು ಹಿರೇಭಾಸ್ಕರದಲ್ಲಿ ಶರಾವತಿಗೆ ಅಣೆಕಟ್ಟು ಕಟ್ಟಲಾಗಿತ್ತು. ಅದೇ ವರ್ಷದ ಆಗಸ್ಟ್ 20ರಂದು ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರು ಬೆಂಗಳೂರಿನ ದಕ್ಷಿಣಕ್ಕೆ ಜಯನಗರದ ಅಡಿಗಲ್ಲು ಇಟ್ಟರು. ಒಂದು ಮತ್ತೊಂದಕ್ಕೆ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ಅಲ್ಲಿಂದ ಮುಂದೆ ಎರಡೂ ಜೊತೆಯಾಗಿಯೇ ಬೆಳೆದವು. 1964ರಲ್ಲಿ ಲಿಂಗನಮಕ್ಕಿ ಬಂದು ಹಿರೇಭಾಸ್ಕರದ ಅಣೆಯನ್ನೇ ಮುಳುಗಿಸಿತು. ಅಲ್ಲಿ ಜಯನಗರದ ಆಚೆಗೆ ಬನಶಂಕರಿ, ಪದ್ಮನಾಭನಗರ, ಜೆ.ಪಿ. ನಗರಗಳು ಹಬ್ಬಿದವು.

ಈ ಬಡಾವಣೆಗಳ ಹಿಂದೆ ದೂರದ ಒಂದು ಕನಸಿದೆ. ಇಂಗ್ಲೆಂಡಿನ ಸಂಸತ್ತಿನ ಕಲಾಪಗಳನ್ನು ಬರೆದುಕೊಳ್ಳುತ್ತಿದ್ದ ಶೀಘ್ರಲಿಪಿಗಾರ ಎಬೆನೆಜರ್ ಹೋವರ್ಡ್ 1898ರಲ್ಲಿ ಉದ್ಯಾನ ನಗರದ ಕಲ್ಪನೆಯನ್ನು ಮುಂದಿಟ್ಟರು. 6,000 ಎಕರೆ ಭೂಮಿ. ಅದರಲ್ಲಿ ಊರಿಗೆ ಕೇವಲ 1,000 ಎಕರೆ, ಸುತ್ತಲಿನ 5,000 ಎಕರೆ ಕೃಷಿಗೆ. ಜನಸಂಖ್ಯೆ 32,000, ಅದನ್ನು ಮೀರಿದರೆ ಊರನ್ನು ಹಿಗ್ಗಿಸಕೂಡದು, ಬೇರೊಂದು ಊರು ಕಟ್ಟಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಭೂಮಿ ಯಾವ ವ್ಯಕ್ತಿಗೂ ಸೇರದೆ ಸಮುದಾಯದ ಹೆಸರಿನಲ್ಲಿಯೇ ಇರಬೇಕು. ಊರು ಬೆಳೆದಂತೆ ನೆಲದ ಬೆಲೆ ಏರುತ್ತದಲ್ಲವೇ? ಆ ಏರಿಕೆ ಬಾಡಿಗೆಯ ರೂಪದಲ್ಲಿ ಊರಿಗೇ ಮರಳಬೇಕು. 1903ರಲ್ಲಿ ಲೆಚ್‌ವರ್ತ್ ಈ ಆಶಯದಿಂದಲೇ ಆರಂಭವಾಯಿತು. 1907ರಲ್ಲಿ ಹೆನ್ರಿಯೆಟಾ ಬಾರ್ನೆಟ್ ಅವರ ಪ್ರಯತ್ನದಿಂದ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಉದ್ಯಾನ ಉಪನಗರ ಮೊದಲಾಯಿತು. ಎಕರೆಗೆ ಎಂಟೇ ಮನೆ, ಗೋಡೆಯ ಬದಲು ಹಸಿರು ಬೇಲಿ, ಎಲ್ಲ ವರ್ಗದವರೂ ಒಂದೆಡೆ ಎಂಬುದು ಅವರ ಸಂಕಲ್ಪ. ಬೇಲಿ ಉಳಿಯಿತು, ಬಡವರಿಗೆ ಅಲ್ಲಿನ ಬೆಲೆ ಎಟುಕದಾಯಿತು.

ನಮ್ಮಲ್ಲಿ ಏನಾಯಿತು? 1945ರಲ್ಲಿ ಸ್ಥಾಪನೆಯಾದ, ಜನರ ಬಾಯಲ್ಲಿ ಸಿಐಟಿಬಿ ಎನ್ನಿಸಿಕೊಂಡ ಮಂಡಳಿಯೂ, 1976ರಲ್ಲಿ ಅದರ ಜಾಗಕ್ಕೆ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವೂ ಹೋವರ್ಡರ ಕನಸಿನ ಮರಗಳನ್ನು ತಂದವು. ಅಗಲವಾದ ರಸ್ತೆ, ಬ್ಲಾಕಿಗೊಂದು ಉದ್ಯಾನ, ನಡೆದು ಹೋಗುವಷ್ಟು ದೂರದಲ್ಲಿ ಶಾಲೆ, ಮಾರುಕಟ್ಟೆ. ಇದನ್ನು ಹಗುರವಾಗಿ ಕಾಣಬಾರದು. ಸಣ್ಣ ಸಂಬಳದ ಗುಮಾಸ್ತನಿಗೆ, ಶಾಲಾ ಮಾಸ್ತರನಿಗೆ ಸರ್ಕಾರವೇ ನಿವೇಶನ ಕೊಟ್ಟಿತೆಂಬುದು ದೊಡ್ಡ ಮಾತು. ಆದರೆ ಪ್ರಾಧಿಕಾರದ 1984ರ ನಿಯಮವನ್ನು ಓದಿ ನೋಡಿ: ನಿವೇಶನ ಪಡೆದವನು ಹತ್ತು ವರ್ಷ ಗುತ್ತಿಗೆದಾರ, ಆಮೇಲೆ ಮಾಲೀಕ. ಹತ್ತನೆಯ ವರ್ಷ ಕಳೆದ ಮೇಲೆ ನೆಲದ ಬೆಲೆಯ ಏರಿಕೆಯೆಲ್ಲ ಅವನದೇ. ಹೋವರ್ಡರ ಯೋಜನೆಯ ಬೇರು ಕಡಿದದ್ದು ಇಲ್ಲಿ ಎಂದು ನನ್ನ ಭಾವನೆ. ಇಂದು ಹಳೆಯ ಒಂಟಿ ಮನೆ ಕೆಡವಿ, ತೆಂಗಿನ ಮರ ಉರುಳಿಸಿ, ನಾಲ್ಕು ಅಂತಸ್ತು ಏರಿಸುವವನನ್ನು ದೂಷಿಸಿ ಫಲವೇನು? ನಿಯಮವೇ ಅವನನ್ನು ಅಲ್ಲಿಗೆ ಕರೆದೊಯ್ದಿದೆ.

ಇನ್ನು ಕೃಷಿಯ ವಲಯ. ಪದ್ಮನಾಭನಗರಕ್ಕೆ ಹೋದವರು ನೇರ ಗೆರೆಯ ಅಡ್ಡರಸ್ತೆಗಳಲ್ಲಿ ನಡೆಯುತ್ತ ಕದಿರೇನಹಳ್ಳಿಯ ಕಡೆಗೆ ತಿರುಗಿದರೆ ರಸ್ತೆ ಒಮ್ಮೆಲೇ ಕಿರಿದಾಗಿ ಬಳುಕುತ್ತದೆ. ಅದು ಹಳೆಯ ಊರು. ಬಡಾವಣೆ ಮಾಡುವಾಗ ಸಾಮಾನ್ಯವಾಗಿ ಗ್ರಾಮಠಾಣವನ್ನು ಬಿಟ್ಟು ಹೊಲ, ಗದ್ದೆ, ತೋಟಗಳನ್ನು ಸ್ವಾಧೀನಪಡಿಸಿಕೊಳ್ಳುತ್ತಾರೆ. ಮನೆ ಉಳಿಯುತ್ತದೆ, ಬದುಕು ಹೋಗುತ್ತದೆ. ಮುಳುಗಡೆಯ ಸಂತ್ರಸ್ತರ ಮಕ್ಕಳಾದ ತಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಕ್ಕದ ಚಿಕ್ಕಲ್ಲಸಂದ್ರದ ಹೆಸರಿನಲ್ಲಿರುವ 'ಸಂದ್ರ'ವು 'ಸಮುದ್ರ', ಅಂದರೆ ಕೆರೆ. ಬಿ.ಟಿ.ಎಂ. ಬಡಾವಣೆಯೆಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರು ಊರುಗಳು ಮೂರು ಅಕ್ಷರಗಳಾಗಿ ಮುದುಡಿಕೊಂಡಿವೆ.

ಹೊಲ, ಕೆರೆಗಳ ವಲಯ ಅಳಿದ ಮೇಲೆ ನೀರು ಎಲ್ಲಿಂದ ಬರಬೇಕು? ಕೊಡಗಿನಲ್ಲಿ ಹುಟ್ಟುವ ಕಾವೇರಿಯನ್ನು ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ ಸುಮಾರು 500 ಮೀಟರ್ ಮೇಲಕ್ಕೆತ್ತಿ ತರಲಾಗುತ್ತಿದೆ. 2024ರ ಅಕ್ಟೋಬರಿನಲ್ಲಿ ಐದನೆಯ ಹಂತವೂ ಉದ್ಘಾಟನೆಯಾಯಿತು. ಅದರ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ಲಿಂಗನಮಕ್ಕಿಯ ನೀರನ್ನೂ ಒಯ್ಯುವ ಪ್ರಸ್ತಾಪ ಬಂದಾಗ 2019ರ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆಯೇ ಬಂದ್ ಆಚರಿಸಿತು. ಹೋವರ್ಡ್ ಊರಿನ ಅಂಚಿನಲ್ಲೇ ಇರಿಸಿದ್ದ ಹಸಿರು ವಲಯ ಈಗ ನಮ್ಮ ಮನೆ ಬಾಗಿಲಿಗೆ ಬಂದು ನಿಂತಿದೆ.

ಹಾಗೆಂದು ನಗರದವರೆಲ್ಲ ನಮ್ಮ ವಿರೋಧಿಗಳಲ್ಲ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಾದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ನಿವಾಸಿಗಳು ಸರ್ವೋಚ್ಚ ನ್ಯಾಯಾಲಯದವರೆಗೆ ಹೋರಾಡಿ 1991ರಲ್ಲಿ ಗೆದ್ದರು. 2009ರಲ್ಲಿ ಮೆಟ್ರೋಗಾಗಿ ಜಯನಗರದ ನಂದಾ ರಸ್ತೆಯ ಮರಗಳಿಗೆ ಕೊಡಲಿ ಬಿದ್ದಾಗಲೂ ಜನ ಬೀದಿಗಿಳಿದರು, ಅಲ್ಲಿ ಸೋತರು. ಪ್ರಾಧಿಕಾರದ ಕಾಯ್ದೆಯ ಪ್ರಕಾರ ಬಡಾವಣೆಯ ಕನಿಷ್ಠ ಶೇ. 15 ಭಾಗ ಉದ್ಯಾನ ಮತ್ತು ಆಟದ ಮೈದಾನಕ್ಕೆ, ಅದರ ಮೇಲೆ ಶೇ. 10 ಭಾಗ ನಾಗರಿಕ ಸೌಲಭ್ಯಕ್ಕೆ ಮೀಸಲು. ಕೃಷಿಯ ವಲಯಕ್ಕೆ ಅಲ್ಲಿ ಅಂಥ ಒಂದು ಅಂಕಿಯೂ ಇಲ್ಲ.

ಈಗ ನಮ್ಮ ಪೇಟೆಗಳ ಅಂಚಿನಲ್ಲಿಯೂ ಗದ್ದೆಗೆ ಮಣ್ಣು ತುಂಬಿ, ಕಲ್ಲು ನೆಟ್ಟು, 'ನಗರ' ಎಂದು ಫಲಕ ಹಾಕುತ್ತಿದ್ದಾರೆ. ವಿದ್ಯಾರ್ಥಿಗಳು ಮುಂದಿನ ರಜೆಯಲ್ಲಿ ತಮ್ಮೂರಿನ ಸರ್ವೆ ನಕ್ಷೆಯನ್ನು ಪಡೆದು, ಆ ಗದ್ದೆಗೆ ನೀರುಣಿಸುತ್ತಿದ್ದ ಕಾಲುವೆ ಎಲ್ಲಿಂದ ಎಲ್ಲಿಗೆ ಹರಿಯುತ್ತಿತ್ತೆಂದು ನಡೆದು ನೋಡಿ ಗುರುತಿಸಿ ತನ್ನಿ. ಮುಂದಿನ ಶಿಬಿರದಲ್ಲಿ ಆ ನಕ್ಷೆಗಳನ್ನು ಹರಡಿಕೊಂಡು ಕುಳಿತು ಮಾತನಾಡೋಣ.