ಮುಖದ ಅತಿಬೆವರು: ಸಂಕೋಚ ಬೇಡ, ಎಚ್ಚರವಿರಲಿ



1897ರ ಆಗಸ್ಟ್ ತಿಂಗಳು. ಹೈದರಾಬಾದಿಗೆ ಹೊಂದಿಕೊಂಡಿರುವ ಸಿಕಂದರಾಬಾದಿನಲ್ಲಿ ಸೈನ್ಯದ ವೈದ್ಯರಾಗಿದ್ದ ರೊನಾಲ್ಡ್ ರಾಸ್ ಅವರು ಸೊಳ್ಳೆಗಳನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಿದ್ದರು. ಪಂಖ ಬೀಸಿದರೆ ಸೊಳ್ಳೆಗಳು ಹಾರಿಹೋಗುತ್ತವೆಂದು ಗಾಳಿಯಿಲ್ಲದೆಯೇ ಕೆಲಸ ನಡೆಯುತ್ತಿತ್ತು. ಹಣೆ ಮತ್ತು ಕೈಗಳ ಬೆವರಿನಿಂದ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದವೆಂದು ಅವರೇ ಬರೆದಿಟ್ಟಿದ್ದಾರೆ. ಆ ತಿಂಗಳ 20ರಂದು ಸೊಳ್ಳೆಯ ಜಠರದಲ್ಲಿ ಮಲೇರಿಯಾ ರೋಗಾಣು ಅವರಿಗೆ ಗೋಚರಿಸಿತು. 1902ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಲಭಿಸಿತು.

ರಾಸ್ ಅವರ ಬೆವರು ರೋಗವಾಗಿರಲಿಲ್ಲ. ಅದು ದೇಹದ ರಕ್ಷಣಾಕ್ರಮವಾಗಿತ್ತು. ಮಾನವನ ಚರ್ಮದಲ್ಲಿ ಸುಮಾರು 20ರಿಂದ 40 ಲಕ್ಷ ಬೆವರು ಗ್ರಂಥಿಗಳಿವೆ. ಬೆವರು ಆರುವಾಗ ದೇಹದ ಶಾಖವೂ ಇಳಿಯುತ್ತದೆ. ಹೈದರಾಬಾದಿನ ಬೇಸಿಗೆಯ ಒಣಹವೆಯಲ್ಲಿ ಬೆವರು ಬೇಗನೆ ಆರುತ್ತದೆ. ಮಳೆಗಾಲದ ತೇವಭರಿತ ಹವೆಯಲ್ಲಿ ಆರದೆ ಮುಖದ ಮೇಲೆ ಹರಿಯುತ್ತದೆ. ಖಾರದ ಊಟ ಮಾಡಿದಾಗ ಹಣೆ, ಮೂಗು ಬೆವರುವುದೂ ಸಹಜವೇ. ಮೆಣಸಿನಕಾಯಿಯ ಖಾರವು ಶಾಖವನ್ನು ಗ್ರಹಿಸುವ ನರಗಳನ್ನೇ ಪ್ರಚೋದಿಸುತ್ತದೆ.

ಆದರೆ ಕೆಲವರಿಗೆ ಸೆಕೆಯಿಲ್ಲದಿದ್ದರೂ ಮುಖದಿಂದ ಬೆವರು ತೊಟ್ಟಿಕ್ಕುತ್ತದೆ. ಸಂದರ್ಶನಕ್ಕೆ ಹೋದ ಯುವಕನ ಅರ್ಜಿಯ ಮೇಲೆ ಹನಿ ಬೀಳುತ್ತದೆ. ತರಗತಿಯಲ್ಲಿ ಪಾಠ ಹೇಳುವ ಶಿಕ್ಷಕಿ ಪದೇ ಪದೇ ಮುಖ ಒರೆಸಿಕೊಳ್ಳಬೇಕಾಗುತ್ತದೆ. ನೋಡಿದವರು ಇದನ್ನು ಅಂಜಿಕೆಯೆಂದೋ ಅಪರಾಧ ಭಾವನೆಯೆಂದೋ ತಿಳಿಯುತ್ತಾರೆ. ಇದಕ್ಕೆ ನೊಂದು ಸಭೆ ಸಮಾರಂಭಗಳನ್ನೇ ತೊರೆದವರುಂಟು. ಇದು ಮನೋದೌರ್ಬಲ್ಯವಲ್ಲ, ಬೆವರು ಗ್ರಂಥಿಗಳಿಗೆ ನರಗಳು ಅಗತ್ಯಕ್ಕಿಂತ ಹೆಚ್ಚು ಸೂಚನೆ ನೀಡುವುದರಿಂದ ಉಂಟಾಗುವ ಸ್ಥಿತಿ. ಸಾಮಾನ್ಯವಾಗಿ ಇದು 25 ವರ್ಷದೊಳಗೆ ಆರಂಭವಾಗುತ್ತದೆ, ಮುಖದ ಎರಡೂ ಬದಿಗಳಲ್ಲಿ ಕಾಣಿಸುತ್ತದೆ, ನಿದ್ರೆಯಲ್ಲಿ ನಿಲ್ಲುತ್ತದೆ. ಮನೆತನದಲ್ಲಿ ಇತರರಿಗೂ ಇರಬಹುದು.

ನಡುವಯಸ್ಸಿನಲ್ಲಿ ಹೊಸದಾಗಿ ಆರಂಭವಾದರೆ, ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರಿದರೆ, ತೂಕ ಇಳಿದರೆ ಅಥವಾ ಜ್ವರವಿದ್ದರೆ ತಪಾಸಣೆ ಅತ್ಯಗತ್ಯ. ಥೈರಾಯಿಡ್ ದೋಷ, ಕ್ಷಯ, ಮುಟ್ಟು ನಿಲ್ಲುವ ಕಾಲದ ವ್ಯತ್ಯಾಸ, ಕೆಲವು ಔಷಧಿಗಳು ಇದಕ್ಕೆ ಕಾರಣವಾಗಿರಬಹುದು. ಮಧುಮೇಹದ ಔಷಧಿ ಸೇವಿಸುವವರು ನಡುಕದೊಡನೆ ಬೆವರಿದರೆ ರಕ್ತದಲ್ಲಿ ಸಕ್ಕರೆ ಕುಸಿದಿರಬಹುದು. ಎಚ್ಚರವಿದ್ದು ನುಂಗಬಲ್ಲವರಿಗೆ ಕೂಡಲೇ ಸಕ್ಕರೆ ನೀಡಬೇಕು. ಎದೆನೋವಿನೊಡನೆ ತಣ್ಣನೆಯ ಬೆವರು ಬಂದರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು.

ಮನೆಯಲ್ಲಿಯೇ ಅನುಸರಿಸಬಹುದಾದ ಕ್ರಮಗಳು ಸರಳವಾದವು. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯ ಬಟ್ಟೆಯನ್ನು ಮುಖಕ್ಕೆ ಒತ್ತಬೇಕು, ಒರಟಾಗಿ ಉಜ್ಜಬಾರದು. ಬಿಸಿ ಚಹಾ, ಖಾರ, ಮದ್ಯ ಇವುಗಳಲ್ಲಿ ಯಾವುದು ತನಗೆ ಬೆವರು ತರಿಸುತ್ತದೆ ಎಂದು ಗಮನಿಸಿ ಅದನ್ನು ಮಿತಗೊಳಿಸಬೇಕು. ಬೆವರು ಬರುತ್ತದೆಂದು ನೀರು ಕುಡಿಯುವುದನ್ನು ಕಡಿಮೆ ಮಾಡುವುದು ದೊಡ್ಡ ತಪ್ಪು.

ಇಷ್ಟರಿಂದ ಗುಣ ಕಾಣದಿದ್ದರೆ ಚರ್ಮರೋಗ ತಜ್ಞರನ್ನು ಕಾಣಬೇಕು. ಹೈದರಾಬಾದಿನ ಉಸ್ಮಾನಿಯಾ ಮತ್ತು ಸಿಕಂದರಾಬಾದಿನ ಗಾಂಧಿ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ವಿಭಾಗಗಳಿವೆ. ಅಲ್ಯೂಮಿನಿಯಂ ಕ್ಲೋರೈಡ್ ಲೇಪನವನ್ನು ರಾತ್ರಿ ಒಣಗಿದ ಚರ್ಮಕ್ಕೆ ಕಣ್ಣಿಗೆ ತಗುಲದಂತೆ ಹಚ್ಚಿ ಬೆಳಿಗ್ಗೆ ತೊಳೆಯುವುದು ಒಂದು ಕ್ರಮ, ಉರಿಯುಂಟಾದರೆ ನಿಲ್ಲಿಸಬೇಕು. ಬೊಟುಲಿನಮ್ ಚುಚ್ಚುಮದ್ದಿನ ಪರಿಣಾಮ ಕೆಲವು ತಿಂಗಳು ಮಾತ್ರ ಇರುತ್ತದೆ. ನರವನ್ನು ತುಂಡರಿಸುವ ಶಸ್ತ್ರಚಿಕಿತ್ಸೆಯ ನಂತರ ಬೆನ್ನು, ಹೊಟ್ಟೆಗಳಲ್ಲಿ ಬೆವರು ಹೆಚ್ಚುವ ಸಂಭವವಿರುವುದರಿಂದ ಅದು ಕೊನೆಯ ಆಯ್ಕೆಯಾಗಿರಬೇಕು.

ಗ್ಲೈಕೊಪಿರೋಲೇಟ್‌ನಂತಹ ಮಾತ್ರೆಗಳ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಇವು ಮುಖದ ಬೆವರನ್ನಷ್ಟೇ ಅಲ್ಲ, ಇಡೀ ದೇಹದ ಬೆವರನ್ನು ತಗ್ಗಿಸುತ್ತವೆ. ಉಷ್ಣಾಂಶ 40 ಡಿಗ್ರಿ ದಾಟುವ ಮೇ ತಿಂಗಳಿನಲ್ಲಿ ಇವನ್ನು ನುಂಗಿ ಬಿಸಿಲಿನಲ್ಲಿ ದುಡಿದರೆ ದೇಹ ತಂಪಾಗುವ ದಾರಿಯೇ ಮುಚ್ಚಿ ಉಷ್ಣಾಘಾತ ಸಂಭವಿಸಬಹುದು. ಆದುದರಿಂದ ಪರಿಚಿತರ ಮಾತು ಕೇಳಿ ಅಂಗಡಿಯಿಂದ ಮಾತ್ರೆ ತಂದು ನುಂಗುವುದು ಸಲ್ಲದು.

ಬೆವರುವವರನ್ನು ಕಂಡು ನಗುವುದಕ್ಕಿಂತ ಒಂದು ಲೋಟ ನೀರು ಕೊಟ್ಟು ಫ್ಯಾನಿನ ಕೆಳಗೆ ಕುಳ್ಳಿರಿಸುವುದು ಲೇಸು. ಬೆವರನ್ನು ಪೂರ್ಣವಾಗಿ ನಿಲ್ಲಿಸುವುದು ಚಿಕಿತ್ಸೆಯ ಗುರಿಯಲ್ಲ. ಬೆವರುವವರು ತಲೆಯೆತ್ತಿ ತಮ್ಮ ಕೆಲಸ ಮಾಡುವಂತಾದರೆ ಚಿಕಿತ್ಸೆ ಸಾರ್ಥಕ.